ದುರ್ಗದ ದಾರಿಯ ಊಟ

ಬೆಂಗಳೂರು ಬಿಟ್ಟ ಗಾಡಿ ಹಿರಿಯೂರು ಮುಟ್ಟುವ ಹೊತ್ತಿಗೆ ಸುಮಾರು 160 ಕಿಲೋಮೀಟರ್ ಆಗಿರುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟವರಿಗೆ ಅಲ್ಲಿ ತಿಂಡಿಯ ಹೊತ್ತು, ಹತ್ತಕ್ಕೆ ಹೊರಟವರಿಗೆ ಊಟದ ಹೊತ್ತು. ಹುಬ್ಬಳ್ಳಿ ಕಡೆಯಿಂದ ಬರುವವರಿಗೂ ಚಿತ್ರದುರ್ಗ ದಾಟುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ನಮ್ಮ ಜಿಲ್ಲೆ ಕೂತಿರುವ ಜಾಗವೇ ಅಂಥದ್ದು. ದಂಡು, ಗಾಡಿಕಾರರು, ಜಾತ್ರೆಗೆ ಹೊರಟವರು, ಗುಳೆ ಹೊರಟವರು, ಲಾರಿಯವರು, ಎಲ್ಲರೂ ಇಲ್ಲಿ ಉಂಡೇ ಮುಂದೆ ಹೋಗಿದ್ದಾರೆ. ಹೈದರಾಲಿ 1779ರಲ್ಲಿ ಮದಕರಿನಾಯಕನಿಂದ ಚಿತ್ರದುರ್ಗದ ಕೋಟೆ ಕಿತ್ತುಕೊಂಡ ಕಥೆಯನ್ನು ಹೊಸದುರ್ಗದ, ಹಿರಿಯೂರಿನ ಹೈಸ್ಕೂಲುಗಳಲ್ಲಿ ನಾನು ಕೆಲಸದಲ್ಲಿದ್ದಷ್ಟು ಕಾಲ ಮಕ್ಕಳಿಗೆ ಹೇಳಿದ್ದೇನೆ. ಈ ದಾರಿಯಲ್ಲಿ ಯಾರು ಏನು ಉಂಡರು, ಯಾರು ಬೇಯಿಸಿದರು ಎಂಬ ಕಥೆ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಹೋದ ನವೆಂಬರಿನಲ್ಲಿ ಇದೇ ದಾರಿಯಲ್ಲಿ ಉಂಡ ಒಂದು ಊಟ ನನಗೆ ಬಹಳ ಸಂಕಟ ಕೊಟ್ಟಿತು. ಆ ಊಟದ ವಿಷಯಕ್ಕೆ ಬರುವ ಮುಂಚೆ ಹಿಂದಿನದನ್ನು ಹೇಳಬೇಕು.

ಬಯಲುಸೀಮೆಯಲ್ಲಿ ಮೊದಲಿನ ಮಾತು ನೀರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ದಾರಿಯುದ್ದಕ್ಕೂ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ, ತಂಗುವ ಮನೆ ಕಟ್ಟಿಸಿದೆ ಎಂದು ಅದೇ ಅಶೋಕ ಈಗ ದೆಹಲಿಯಲ್ಲಿರುವ ಒಂದು ಕಂಬದ ಮೇಲೆ ಬರೆಸಿದ್ದಾನೆ. ಕನ್ನಡದ ಶಾಸನಗಳಲ್ಲೂ ಕೆರೆಗೆ, ಬಾವಿಗೆ, ಸತ್ರಕ್ಕೆ, ಅರವಟ್ಟಿಗೆಗೆ ಭೂಮಿ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಚೈತ್ರ ಬಂದರೆ ಇವತ್ತಿಗೂ ನಮ್ಮ ಬಸ್ ಸ್ಟಾಂಡುಗಳ ಹತ್ತಿರ ಹುಡುಗರು ಚಪ್ಪರ ಹಾಕಿ, ಮರಳಿನ ಮೇಲೆ ಮಣ್ಣಿನ ಗಡಿಗೆ ಇಟ್ಟು ನೀರು ಕೊಡುತ್ತಾರೆ. ದುಡ್ಡಿದ್ದವರು ಮಜ್ಜಿಗೆ, ಪಾನಕ ಮಾಡಿಸುತ್ತಾರೆ.

ನೀರಿನ ನಂತರ ದಾಸೋಹ. ನಾಯಕನಹಟ್ಟಿಯ ತಿಪ್ಪೇಸ್ವಾಮಿ ಕೆರೆ ಕಟ್ಟಿಸಿದ ಸಂತ. ಮಾಡಿದಷ್ಟು ನೀಡು ಭಿಕ್ಷೆ ಎಂಬ ಅವರ ಮಾತು ನಮ್ಮ ಕಡೆ ಕೂಲಿಯವರಿಂದ ಹಿಡಿದು ಶಾನುಭೋಗರವರೆಗೆ ಎಲ್ಲರ ಬಾಯಲ್ಲೂ ಇದೆ. ಆ ಕಾಲಕ್ಕೆ ಕೆರೆ ಕೆಲಸಕ್ಕೆ ಬಂದವರಿಗೆ ಉಣಬಡಿಸುವುದೂ ಕೆಲಸದ ಭಾಗವೇ ಆಗಿತ್ತು. ಸಿರಿಗೆರೆಯ ಮಠದಲ್ಲಿ ಇವತ್ತೂ ಬಂದವರಿಗೆ ಊಟ ಉಂಟು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನಾಟಕೋತ್ಸವ ನಡೆದಾಗ ಸುತ್ತಿನ ಹಳ್ಳಿಯವರು ಟ್ರ್ಯಾಕ್ಟರಿನಲ್ಲಿ ಬಂದು, ಉಂಡು, ನಾಟಕ ನೋಡಿ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಪಂಕ್ತಿಯಲ್ಲಿ ಅನ್ನ ಸಾರಿಗಿಂತ ಹೆಚ್ಚಿನದೇನೂ ಇರುವುದಿಲ್ಲ. ಆದರೆ ಬಡಿಸುವವರು ಎರಡನೆಯ ಸಲ ಬಂದೇ ಬರುತ್ತಾರೆ.

ಮಠ ಇಲ್ಲದ ಕಡೆ ಬುತ್ತಿ. ಖಡಕ್ ರೊಟ್ಟಿ, ಚಟ್ನಿಪುಡಿ, ಈರುಳ್ಳಿ ಬಟ್ಟೆಯಲ್ಲಿ ಕಟ್ಟಿಕೊಳ್ಳದೆ ಊರು ಬಿಡುವವರು ಇರಲಿಲ್ಲ. ಅನ್ನ ಮಾರಬಾರದು ಎಂಬುದು ನನ್ನ ಅಜ್ಜಿಯ ಕಾಲದವರಿಗೆ ಗಟ್ಟಿ ನಂಬಿಕೆ. ಅಕ್ಕಿ ಮಾರಬಹುದು, ರಾಗಿ ಮಾರಬಹುದು, ಬೇಯಿಸಿದ್ದನ್ನು ಮಾರಿದರೆ ಪಾಪ. ಇಂಗ್ಲಿಷ್ ಕಂಪನಿಯವರು ಕಳಿಸಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಬಿದನೂರಿನಿಂದ ಹೊರಟು ಚಿತ್ರದುರ್ಗದ ಮೇಲೆ ಹಿರಿಯೂರಿಗೆ ಬಂದ. ಅವನ ಪುಸ್ತಕದ ಒಂದು ಅಧ್ಯಾಯದ ಹೆಸರಿನಲ್ಲೇ ಹಿರಿಯೂರು ಇದೆ. ಯುದ್ಧಗಳು ಮುಗಿದು ಎರಡೇ ವರ್ಷವಾಗಿದ್ದ ಕಾಲ. ದಾರಿಯುದ್ದಕ್ಕೂ ಬೆಳೆ, ಮಣ್ಣು, ದನಕರುಗಳ ಲೆಕ್ಕ ಬರೆದುಕೊಂಡ ಅವನ ಹಿಂದೆ ಅಡುಗೆಯವರೂ ಸಾಮಾನಿನ ಎತ್ತುಗಳೂ ಇದ್ದವು. ಸರದಾರನಾದರೂ ಸಾಮಾನ್ಯನಾದರೂ ದಾರಿಯಲ್ಲಿ ದುಡ್ಡು ಕೊಟ್ಟು ಎಲೆ ಮುಂದೆ ಕೂರುವ ಪದ್ಧತಿ ನಮ್ಮಲ್ಲಿ ಇನ್ನೂ ಹುಟ್ಟಿರಲಿಲ್ಲ.

ಅದನ್ನು ಹುಟ್ಟಿಸಿದ್ದು ರೈಲು. ಧಾತು–ಈಶ್ವರ ಸಂವತ್ಸರಗಳ ಬರ, ಅಂದರೆ 1876–78ರ ಬರ, ಮೈಸೂರು ಸಂಸ್ಥಾನದ ಸುಮಾರು ಹತ್ತು ಲಕ್ಷ ಜನರನ್ನು ತಿಂದುಹಾಕಿತು. ಕಾಳು ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ದಾರಿಯೇ ಇರಲಿಲ್ಲ ಎಂಬುದು ಆಗ ಎಲ್ಲರಿಗೂ ಅರಿವಾಯಿತು. ಬರದ ನಂತರದ ಹತ್ತು ಹನ್ನೆರಡು ವರ್ಷದಲ್ಲಿ ಬೆಂಗಳೂರಿನಿಂದ ಹರಿಹರದವರೆಗೆ ಹಳಿ ಬಿತ್ತು. ವೇದಾವತಿಗೆ ಅಡ್ಡವಾಗಿ ಮಾರಿಕಣಿವೆಯಲ್ಲಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವೂ ಅದೇ ಭಯದ ಕೂಸು. ಹಳಿ ಹೊಸದುರ್ಗ ರೋಡ್, ಹೊಳಲ್ಕೆರೆ, ಚಿಕ್ಕಜಾಜೂರಿನ ಮೇಲೆ ಹಾದುಹೋಯಿತು, ಚಿತ್ರದುರ್ಗವನ್ನು ಮುಟ್ಟಲಿಲ್ಲ. ಆಮೇಲೆ ಕವಲುದಾರಿ ಹಾಕಿದ ಮೇಲೆ ಕೋಟೆಯ ಊರಿಗೆ ಹೋಗುವವರು ಚಿಕ್ಕಜಾಜೂರಿನಲ್ಲಿ ಇಳಿದು, ಕಾದು, ಇನ್ನೊಂದು ಗಾಡಿ ಹತ್ತಬೇಕಾಯಿತು. ಕಾಯುವ ಜನ ಇದ್ದ ಕಡೆ ಒಲೆ ಹೊತ್ತುತ್ತದೆ. ಅಂಥ ಒಂದು ಒಲೆ ನಮ್ಮಪ್ಪನದು.

ಸ್ಟೇಷನ್ನಿನ ಎದುರಿಗೆ ಹೆಂಚಿನ ಮನೆ. ಮುಂದಿನ ಅಂಕಣ ಹೋಟ್ಲು, ಹಿಂದಿನದು ನಾವಿರುವ ಮನೆ. ಎರಡು ಬೆಂಚು, ಒಂದು ಗಲ್ಲಾಪೆಟ್ಟಿಗೆ, ಹಿತ್ತಾಳೆಯ ಬಾಯ್ಲರ್, ಮೈಸೂರುಪಾಕು ಖಾರಾಬೂಂದಿ ಇಡುವ ಗಾಜಿನ ಬೀರು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮುದ್ದೆ ಇಲ್ಲವೇ ರೊಟ್ಟಿ, ಸಂಜೆ ಮಂಡಕ್ಕಿ ಮೆಣಸಿನಕಾಯಿ. ಅಡುಗೆಯೆಲ್ಲ ಅವ್ವನದು, ಗಲ್ಲಾ ಅಪ್ಪನದು. ಮೀಟರ್ ಗೇಜಿನ ಕಾಲ. ಹುಬ್ಬಳ್ಳಿ ಕಡೆಯ ರಾತ್ರಿ ಗಾಡಿ ತಡವಾದರೆ ಪೋರ್ಟರ್ ಬಂದು ಬಾಗಿಲು ಬಡಿದು ಸುದ್ದಿ ಹೇಳುತ್ತಿದ್ದ. ಅಷ್ಟು ಹೊತ್ತಿಗೆ ಪಾತ್ರೆ ತೊಳೆದು ಬೋರಲು ಹಾಕಿ ಆಗಿರುತ್ತಿತ್ತು. ಪ್ಲಾಟ್‌ಫಾರ್ಮಿನಲ್ಲಿ ಮಕ್ಕಳು ಅಳುವ ಸದ್ದು ಮನೆಯೊಳಗೆ ಕೇಳುತ್ತಿತ್ತು. ಅವ್ವ ಮಾತಿಲ್ಲದೆ ಎದ್ದು ಸ್ಟವ್ ಹಚ್ಚುತ್ತಿದ್ದಳು. ಮನೆಯಲ್ಲಿ ಮಿಕ್ಕಿರುತ್ತಿದ್ದದ್ದು ಒಂದು ಚೀಲ ಮಂಡಕ್ಕಿ, ಈರುಳ್ಳಿ, ಹಸಿಮೆಣಸಿನಕಾಯಿ, ಶೇಂಗಾ. ಮಂಡಕ್ಕಿಯನ್ನು ನೀರಿಗೆ ಹಾಕಿದ ಮರುಕ್ಷಣ ಎರಡೂ ಕೈಯಲ್ಲಿ ಹಿಂಡಿ ತೆಗೆಯಬೇಕು. ಒಂದು ಗಳಿಗೆ ಹೆಚ್ಚಾದರೂ ಮುದ್ದೆಯಾಗುತ್ತದೆ. ಎಣ್ಣೆಗೆ ಸಾಸಿವೆ, ಶೇಂಗಾ ಕೆಂಪಗಾದ ಮೇಲೆ ಮೆಣಸಿನಕಾಯಿ, ಈರುಳ್ಳಿ, ಅರಿಶಿನ. ಹಿಂಡಿದ ಮಂಡಕ್ಕಿ ಹಾಕಿ ಕೈಯಾಡಿಸಿ ಕೆಳಗಿಳಿಸಿ, ಮೇಲೆ ಪುಟಾಣಿ ಪುಡಿ ಉದುರಿಸಿದರೆ ಮುಗಿಯಿತು. ಮುತ್ತುಗದ ಎಲೆಯಲ್ಲಿ ಹಾಕಿ ನಾವು ಮಕ್ಕಳು ಪ್ಲಾಟ್‌ಫಾರ್ಮಿಗೆ ಹೊರುತ್ತಿದ್ದೆವು. ಬಿಸಿಯಿದ್ದಾಗಲೇ ತಲುಪಬೇಕೆಂದು ಅವ್ವ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. "ಇವತ್ತು ಉಂಡೋನು ನಾಳೆ ಇದೇ ಗಾಡಿಗೆ ವಾಪಸ್ ಬರ್ತಾನೆ ಕಣವ್ವ" ಎನ್ನುವುದು ಅಪ್ಪನ ಮಾತು. ಅವರ ವ್ಯಾಪಾರಶಾಸ್ತ್ರ ಅಷ್ಟೇ, ಅದರಲ್ಲೇ ನಾಲ್ವರು ಮಕ್ಕಳು ಓದಿದೆವು.

ಆ ಕಾಲದ್ದೆಲ್ಲ ಚಿನ್ನ ಎಂದು ನಾನು ಬರೆಯಲಾರೆ. ನಮ್ಮ ಹೋಟ್ಲಿನ ಹೊರಗೋಡೆಯ ಗೂಡಿನಲ್ಲಿ ಅಲ್ಯುಮಿನಿಯಂ ಲೋಟಗಳು ಬೇರೆಯಾಗಿ ಇರುತ್ತಿದ್ದವು. ದಲಿತ ಕೇರಿಯಿಂದ ಬಂದ ಹಮಾಲರು ಅಲ್ಲೇ ತಗೊಂಡು, ಅಲ್ಲೇ ನಿಂತು ಕುಡಿದು, ತೊಳೆದು ಅಲ್ಲೇ ಇಡಬೇಕಿತ್ತು. ಸತ್ರಗಳಲ್ಲೂ ಹಳೆಯ ಕಾಫಿ ಕ್ಲಬ್ಬುಗಳಲ್ಲೂ ಪಂಕ್ತಿ ಬೇರೆ, ಕೋಣೆ ಬೇರೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಹೋಟೆಲು, ಅಂಗಡಿ ಎಂದು ಹೆಸರು ಹಿಡಿದೇ ಯಾರನ್ನೂ ತಡೆಯಬಾರದು ಎನ್ನುತ್ತದೆ. 1955ರಲ್ಲಿ ಅಸ್ಪೃಶ್ಯತೆ ಆಚರಿಸುವವರಿಗೆ ಶಿಕ್ಷೆಯ ಕಾಯ್ದೆ ಬಂತು. ಅದಾದ ಹತ್ತು ವರ್ಷಕ್ಕೂ ಮೇಲೆ ಲೋಟಗಳು ನಮ್ಮ ಗೂಡಿನಲ್ಲೇ ಇದ್ದವು. ಒಂದು ದಿನ ಹೊಸದಾಗಿ ವರ್ಗವಾಗಿ ಬಂದ, ದಲಿತರಾದ ರೈಲ್ವೆ ನೌಕರರೊಬ್ಬರು ನೇರ ಒಳಗೆ ಬಂದು ಬೆಂಚಿನ ಮೇಲೆ ಕೂತು ಕಾಫಿ ಕೇಳಿದರು. ಅಪ್ಪ ಒಂದು ನಿಮಿಷ ಸುಮ್ಮನಿದ್ದು ಕೊಟ್ಟರು. ಮಾರನೆಯ ದಿನ ಅವ್ವ ಗೂಡಿನ ಲೋಟಗಳನ್ನು ತೆಗೆದು ಒಳಗಿನವುಗಳ ಜೊತೆ ಸೇರಿಸಿ ತೊಳೆದಳು. ಹಮಾಲರು ಒಳಗೆ ಬಂದು ಕೂರಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಈಗಿನ ಹೆದ್ದಾರಿಯ ಹೋಟೆಲಿನಲ್ಲಿ ಯಾರ ಜಾತಿಯನ್ನೂ ಯಾರೂ ಕೇಳುವುದಿಲ್ಲ. ಅದು ದೊಡ್ಡ ವಿಷಯ, ಅದನ್ನು ಮರೆತು ಹಳೆಯದನ್ನು ಹೊಗಳಿದರೆ ಅನ್ಯಾಯವಾಗುತ್ತದೆ.

ರೈಲಿನ ಬೆನ್ನಿಗೆ ಬಸ್ಸು. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. 1961ರಲ್ಲಿ ಅದೇ ನಿಗಮವಾಯಿತು. ಊಟದ ಊರು ಈಗ ಹಿರಿಯೂರಾಯಿತು. ಬಳ್ಳಾರಿ ಕಡೆಯ ದಾರಿ, ಹುಳಿಯಾರು ಕಡೆಯ ದಾರಿ, ಬೆಂಗಳೂರು–ಪುಣೆ ದಾರಿ ಮೂರೂ ಕೂಡುವ ಜಾಗ. ಕರಾವಳಿಯಿಂದ ಬಂದವರು ಮಸಾಲೆದೋಸೆಯ ಹೋಟೆಲು ತೆಗೆದರು, ಉತ್ತರದಿಂದ ಬಂದವರು ಖಾನಾವಳಿ ಇಟ್ಟರು, ಊರಿನವರು ಮುದ್ದೆ, ಬಾಡುಸಾರಿನ ಮಿಲಿಟರಿ ಹೋಟೆಲು ನಡೆಸಿದರು. ಹಿರಿಯೂರಿನಲ್ಲಿ ಕೆಲಸ ಮಾಡುವಾಗ ನಾನು ದಿನವೂ ಹಾದುಹೋಗುತ್ತಿದ್ದ ರಸ್ತೆಯಲ್ಲಿ ಹತ್ತು ಹೆಜ್ಜೆಗೊಂದು ಒಗ್ಗರಣೆಯ ವಾಸನೆ. ಒಬ್ಬನ ಸಾರು ಕೆಟ್ಟರೆ ಪಕ್ಕದವನ ಬೆಂಚು ತುಂಬುತ್ತಿತ್ತು.

ಕೆಡುಕಿನ ಬೀಜವೂ ಬಸ್ಸಿನ ಕಾಲದಲ್ಲೇ ಬಿತ್ತು ಎಂಬುದು ನನ್ನ ಅಭಿಪ್ರಾಯ. ರಾತ್ರಿ ಬಸ್ಸುಗಳು ದೂರದೂರ ಹೋಗತೊಡಗಿದ ಮೇಲೆ ಎಲ್ಲಿ ನಿಲ್ಲಿಸಬೇಕು ಎಂಬುದು ಡ್ರೈವರ್ ಕೈಯಲ್ಲಿ ಉಳಿಯಿತು. ಬಸ್ಸು ನಿಲ್ಲಿಸಿದ ಹೋಟೆಲಿನಲ್ಲಿ ಡ್ರೈವರ್ ಕಂಡಕ್ಟರಿಗೆ ಬೇರೆ ಕೋಣೆಯಲ್ಲಿ ಬಿಟ್ಟಿ ಊಟ, ಚೆನ್ನಾದ ಊಟ. ಐವತ್ತು ಜನ ಪ್ರಯಾಣಿಕರಿಗೆ ಆರಿದ ಅನ್ನ, ನೀರುಸಾಂಬಾರು, ಬಾಟಲಿ ನೀರಿಗೆ ಹೆಚ್ಚಿನ ದುಡ್ಡು. ನಿಲ್ಲಿಸುವವನು ಒಬ್ಬ, ಉಣ್ಣುವವನು ಇನ್ನೊಬ್ಬ ಆದಾಗ ಅಡುಗೆಮನೆಗೆ ಉಣ್ಣುವವನ ಭಯವಿರುವುದಿಲ್ಲ. ಊರ ಬಸ್ ಸ್ಟಾಂಡಿನಲ್ಲಿ ಇದು ನಡೆಯುತ್ತಿರಲಿಲ್ಲ, ಅಲ್ಲಿ ಪ್ರಯಾಣಿಕ ಎದ್ದು ಎದುರಿನ ಹೋಟೆಲಿಗೆ ಹೋಗಬಹುದಿತ್ತು. ಊರಾಚೆಯ ಒಂಟಿ ಹೋಟೆಲಿನಲ್ಲಿ ಅವನಿಗೆ ಹೋಗಲು ಜಾಗವಿಲ್ಲ.

1999ರಲ್ಲಿ ಸುವರ್ಣ ಚತುರ್ಭುಜ ಯೋಜನೆ ಶುರುವಾಗಿ ಹಳೆಯ ನಾಲ್ಕನೆಯ ನಂಬರಿನ ಹೆದ್ದಾರಿ ಅಗಲವಾಯಿತು, ಮುಂದೆ ಅದರ ನಂಬರು 48 ಆಯಿತು. ಊರುಗಳನ್ನು ಪಕ್ಕಕ್ಕೆ ಬಿಟ್ಟು ಬೈಪಾಸ್ ಹೋಯಿತು. ಜೀವ ಉಳಿದವು, ಹೊತ್ತು ಉಳಿಯಿತು. ಹಳೆಯ ಕಿರಿದಾದ ದಾರಿಯಲ್ಲಿ ನಡೆದ ಅಪಘಾತಗಳಿಗೆ ಲೆಕ್ಕವಿಲ್ಲ, ನನ್ನ ವಿದ್ಯಾರ್ಥಿಗಳನ್ನೂ ಕಳೆದುಕೊಂಡಿದ್ದೇನೆ. ಆದರೆ ಹಿರಿಯೂರಿನ ಒಳರಸ್ತೆಯ ಹೋಟೆಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಟೋಲ್‌ಗಳಲ್ಲಿ ಗಾಡಿ ಸಾಲು ನಿಲ್ಲುತ್ತಿದ್ದಾಗ ಹಳ್ಳಿಯ ಹೆಣ್ಣುಮಕ್ಕಳು ಬೇಯಿಸಿದ ಶೇಂಗಾ, ಸೌತೆಕಾಯಿ, ಸೀಬೆ ಮಾರುತ್ತಿದ್ದರು. 2021ರ ಫೆಬ್ರುವರಿಯಿಂದ ಫಾಸ್ಟ್‌ಟ್ಯಾಗ್ ಕಡ್ಡಾಯವಾಯಿತು, ಗಾಡಿ ನಿಲ್ಲುವುದೇ ಇಲ್ಲ, ಅವರ ಬುಟ್ಟಿಯೂ ಇಲ್ಲ. ಗುಯಿಲಾಳು ಟೋಲಿನಲ್ಲಿ ಈಗ ಕಾರಿನ ಗಾಜು ಇಳಿಸುವ ಕೆಲಸವೂ ಇಲ್ಲ.

ಇನ್ನು ಆ ಊಟ. ಮಗ, ಸೊಸೆ, ಏಳನೆಯ ತರಗತಿಯ ಮೊಮ್ಮಗಳು, ನಾನು ಬೆಂಗಳೂರಿನಿಂದ ಹೊಳಲ್ಕೆರೆಗೆ ಬರುತ್ತಿದ್ದೆವು. ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ, ಗಾಜಿನ ಗೋಡೆಯ ದೊಡ್ಡ ಹೋಟೆಲು. ಮೊಮ್ಮಗಳು ಗೋಡೆಯ ಮೇಲಿನ ಚಿತ್ರ ನೋಡಿ "ಅಜ್ಜಿ, ಮೆಕ್ಸಿಕನ್ ಪ್ಲ್ಯಾಟರ್ ಇದೆ, ನೀನೂ ತಿನ್ನು, ನಿಂಗೆ ಜೋಳ ಇಷ್ಟ ಅಲ್ವಾ" ಎಂದಳು. ನನಗೆ ನಿಜವಾಗಿ ಆಸೆಯಾಯಿತು. ಮೆಕ್ಕೆಜೋಳದ ರೊಟ್ಟಿಯನ್ನು ಮೂಲದವರು ಹೇಗೆ ಮಾಡುತ್ತಾರೆ ಎಂಬ ಕುತೂಹಲ ನನಗೆ ಹಳೆಯದು. ಬಂದ ತಟ್ಟೆಯಲ್ಲಿ ತ್ರಿಕೋನದ ಚಿಪ್ಸು ಮಳೆಗಾಲದ ಹಪ್ಪಳದಂತೆ ಮೆತ್ತಗಾಗಿತ್ತು. ಮೇಲೆ ಸುರಿದ ಚೀಸಿನ ಸಾಸು ಆರಿ ಪೊರೆ ಕಟ್ಟಿತ್ತು. ರಾಜ್ಮಾ ಹೊರಗೆ ಬಿಸಿ, ಒಳಗೆ ಥಂಡಿ. ಟೊಮೇಟೊ, ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ ಮಾಡಬೇಕಾದ ಗೊಜ್ಜಿನ ಜಾಗದಲ್ಲಿ ಬಾಟಲಿ ಕೆಚಪ್. ಖಾರವಿಲ್ಲ, ಹುಳಿಯಿಲ್ಲ, ಉಪ್ಪು ಮಾತ್ರ ಧಾರಾಳ. ಮಗು ಎರಡು ತುಂಡು ತಿಂದು ತಟ್ಟೆ ದೂಡಿತು. ಆ ದುಡ್ಡಿನಲ್ಲಿ ಹಿರಿಯೂರಿನ ಒಳಗೆ ನಾಲ್ಕು ಜನ ಮುದ್ದೆ ಊಟ ಮಾಡಿ ಬಾಳೆಹಣ್ಣು ತಿನ್ನಬಹುದು. "ದಾರೀಲಿ ಸಿಕ್ಕಿದ್ದು ತಿನ್ನಬೇಕು, ಬಿಡಮ್ಮ" ಎಂದ ಮಗ. ತಟ್ಟೆ ಎತ್ತಲು ಬಂದ ಹುಡುಗ ಅಸ್ಸಾಮಿನವನು. ಇದನ್ನು ಯಾರಪ್ಪ ಮಾಡಿದ್ದು ಎಂದು ನನ್ನ ಹಿಂದಿಯಲ್ಲಿ ಕೇಳಿದೆ. ಯಾರೂ ಮಾಡುವುದಿಲ್ಲ ಅಮ್ಮಾ, ಎಲ್ಲ ಪ್ಯಾಕೆಟ್ಟಿನಲ್ಲಿ ಬರುತ್ತದೆ, ಇಲ್ಲಿ ಬಿಸಿ ಮಾಡುತ್ತೇವೆ ಅಂದ. ಅವನ ತಪ್ಪು ಅದರಲ್ಲಿ ಎಳ್ಳಷ್ಟೂ ಇಲ್ಲ. ಹೊರಗೆ ಬಂದರೆ ಸರ್ವಿಸ್ ರಸ್ತೆಯ ಮೇಲೆ ಒಂದು ಫರ್ಲಾಂಗು ಉದ್ದ ಮೆಕ್ಕೆಜೋಳ ಒಣಗಲು ಹರವಿದ್ದರು. ಗಂಡ ಹೆಂಡತಿ ಇಬ್ಬರೂ ಕಾಲಿನಲ್ಲಿ ಕಾಳು ತಿರುವುತ್ತಾ ನಡೆಯುತ್ತಿದ್ದರು. ಆ ಕಾಳಿಗೂ ಒಳಗಿನ ಆ ತಟ್ಟೆಗೂ ನೂರು ಹೆಜ್ಜೆ ದೂರ, ಸಂಬಂಧ ಏನೇನೂ ಇಲ್ಲ. ನನಗೆ ಸಂಕಟವಾದದ್ದು ಅಲ್ಲಿ.

ಆ ತಟ್ಟೆಯ ಚಿಪ್ಸು, ಚೀಸಿನ ತಿಂಡಿ ಹುಟ್ಟಿದ ಕಥೆಯನ್ನು ಮನೆಗೆ ಬಂದು ಓದಿದ ಮೇಲೆ ಸಂಕಟ ಇನ್ನೂ ಹೆಚ್ಚಾಯಿತು. ಮೆಕ್ಸಿಕೋದ ಉತ್ತರದ ಗಡಿಯಲ್ಲಿ ಪಿಯೆದ್ರಾಸ್ ನೆಗ್ರಾಸ್ ಎಂಬ ಊರು. 1940ರ ದಶಕದಲ್ಲಿ ನದಿಯಾಚೆಯ ಅಮೆರಿಕದಿಂದ ಸೈನಿಕರ ಮನೆಯ ಕೆಲವು ಹೆಂಗಸರು ಹೊತ್ತಲ್ಲದ ಹೊತ್ತಿನಲ್ಲಿ ಅಲ್ಲಿಯ ಹೋಟೆಲಿಗೆ ಬಂದರು. ಅಡುಗೆಯವನು ಇರಲಿಲ್ಲ. ಬಡಿಸುವವರ ಮೇಸ್ತ್ರಿ ಇಗ್ನಾಸಿಯೋ ಅನಾಯಾ ತಾನೇ ಒಳಗೆ ಹೋಗಿ, ಇದ್ದ ಮೆಕ್ಕೆಜೋಳದ ರೊಟ್ಟಿಯನ್ನು ಕತ್ತರಿಸಿ ಕರಿದು, ಚೀಸ್ ತುರಿದು ಹಾಕಿ ಬಿಸಿ ಮಾಡಿ, ಉಪ್ಪಿನಕಾಯಿ ಹಾಕಿದ ಮೆಣಸಿನಕಾಯಿಯ ಹೋಳು ಇಟ್ಟು ಕೊಟ್ಟ. ಅವನ ಮುದ್ದಿನ ಹೆಸರೇ ಆ ತಿಂಡಿಗೆ ನಿಂತಿತು. ಹಸಿದು ಬಂದವರನ್ನು ಬರಿಗೈಲಿ ಕಳಿಸಬಾರದೆಂದು ಇದ್ದುದರಲ್ಲೇ ಒಬ್ಬ ಮಾಡಿದ ಬಿಸಿ ತಿಂಡಿ ಅದು. ನಮ್ಮ ಅವ್ವ ಆ ಮನುಷ್ಯನನ್ನು ಕಂಡಿದ್ದರೆ ಮಾತು ಬಾರದಿದ್ದರೂ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಗೊತ್ತಾಗುತ್ತಿತ್ತು.

ಹೊರಗಿನದು ಎಂಬ ಕಾರಣಕ್ಕೆ ನಾನು ಆ ತಟ್ಟೆಯನ್ನು ದೂರುತ್ತಿಲ್ಲ. ಮೆಕ್ಸಿಕೋದಿಂದ ಬಂದದ್ದನ್ನೆಲ್ಲ ತೆಗೆದುಬಿಟ್ಟರೆ ದುರ್ಗದ ಹೊಲದಲ್ಲೂ ಅಡುಗೆಮನೆಯಲ್ಲೂ ಅರ್ಧ ಖಾಲಿಯಾಗುತ್ತದೆ. ಬದುವಿನ ಕತ್ತಾಳೆ ಆ ಕಡೆಯದು. ಅಲ್ಲಿ ಅದರ ಜಾತಿಯದರಿಂದ ಹೆಂಡ ಇಳಿಸಿದರು, ಇಲ್ಲಿ ನಾರು ತೆಗೆದು ಹಗ್ಗ ಹೊಸೆದರು. ಬೇಲಿಯ ಪಾಪಾಸುಕಳ್ಳಿಯೂ ಅಲ್ಲಿಯದೇ. ದಕ್ಷಿಣದಲ್ಲಿ ಅದು ಹೊಲಗಳನ್ನೇ ನುಂಗತೊಡಗಿದಾಗ 1926ರ ಸುಮಾರಿಗೆ ಒಂದು ಜಾತಿಯ ಹುಳ ಬಿಟ್ಟು ಅದನ್ನು ಹತೋಟಿಗೆ ತಂದರು. ಆಯುಧಪೂಜೆಗೆ ಬಸ್ಸಿನ ಮೂತಿಗೆ ಕಟ್ಟುವ ಚೆಂಡು ಹೂ, ಸಂತೆಯ ಪಪ್ಪಾಯಿ, ಸಪೋಟ, ಟೊಮೇಟೊ, ಹುರುಳಿಕಾಯಿ ಎಲ್ಲ ಅಲ್ಲಿಯ ನಂಟು. ಚಳ್ಳಕೆರೆಯನ್ನು ಎಣ್ಣೆಯ ಊರು ಮಾಡಿದ ಶೇಂಗಾ ಇನ್ನೂ ದಕ್ಷಿಣದ ಅಮೆರಿಕದ್ದು.

ಮೆಣಸಿನಕಾಯಿಯ ಕಥೆಯೇ ಸಾಕು. ಮೂರನೆಯ ಮಂಗರಸ 1508ರ ಸುಮಾರಿಗೆ ಕನ್ನಡದಲ್ಲಿ ಸೂಪಶಾಸ್ತ್ರ ಬರೆದ. ರೊಟ್ಟಿ, ಪಾಯಸ, ಬದನೆಕಾಯಿ, ಬಾಳೆ, ಹಲಸು, ಏನೆಲ್ಲ ಇದೆ, ಮೆಣಸಿನಕಾಯಿ ಇಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ. 1510ರಲ್ಲಿ ಪೋರ್ಚುಗೀಸರು ಗೋವೆ ಹಿಡಿದರು; ಅವರ ಹಡಗಿನಲ್ಲಿ ಬಂದ ಕಾಯಿ ಘಟ್ಟ ಹತ್ತಿ ಬಯಲಿಗೆ ಇಳಿಯಿತು. ಮೆಣಸಿನಕಾಯಿಯನ್ನು ಹೊಗಳುವ ಒಂದು ಕೀರ್ತನೆ ಪುರಂದರದಾಸರ ಹೆಸರಿನಲ್ಲೇ ಇದೆ. ನಮ್ಮ ಹೆಂಗಸರು ಅದನ್ನು ಒಣಗಿಸಿದರು, ಹುರಿದರು, ಕುಟ್ಟಿದರು, ಮಜ್ಜಿಗೆಯಲ್ಲಿ ನೆನೆಸಿ ಬಾಳಕ ಮಾಡಿದರು, ಹಣ್ಣುಮೆಣಸಿನಕಾಯಿ ರುಬ್ಬಿ ರಂಜಕ ಮಾಡಿದರು, ಕಡಲೆಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟರು. ಕಾಳುಮೆಣಸು ಕೊಳ್ಳಲಾಗದ ಬಡವರಿಗೂ ಖಾರ ದಕ್ಕಿತು. ಬುತ್ತಿಯೊಳಗಿನ ಚಟ್ನಿಪುಡಿಯಲ್ಲಿ ಶೇಂಗಾ, ಒಣಮೆಣಸಿನಕಾಯಿ ಎರಡೂ ಸಮುದ್ರ ದಾಟಿ ಬಂದವು, ಆದರೆ ಅದನ್ನು ಬೇರೆ ಯಾವ ದೇಶದ್ದೆಂದು ಹೇಳುವ ಧೈರ್ಯ ಯಾರಿಗಿದೆ?

ಮೆಕ್ಕೆಜೋಳಕ್ಕೆ ಆ ಭಾಗ್ಯ ಬರಲಿಲ್ಲ. ಕಾಳು ಬಂತು, ಅದನ್ನು ಹದ ಮಾಡುವ ವಿದ್ಯೆ ಬರಲಿಲ್ಲ. ಮೆಕ್ಸಿಕೋದಲ್ಲಿ ಸುಮಾರು ಒಂಬತ್ತು ಸಾವಿರ ವರ್ಷದ ಹಿಂದೆ ಕಾಡುಹುಲ್ಲಿನಿಂದ ಪಳಗಿಸಿದ ಬೆಳೆ ಅದು. ಅಲ್ಲಿಯ ಹೆಂಗಸರು ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯೆಲ್ಲ ನೆನೆಯಲು ಬಿಟ್ಟು, ಬೆಳಿಗ್ಗೆ ಉಜ್ಜಿ ಸಿಪ್ಪೆ ತೆಗೆದು, ತೊಳೆದು, ಕಲ್ಲಿನ ಮೇಲೆ ಅರೆಯುತ್ತಾರೆ. ಸುಣ್ಣ ಸಿಪ್ಪೆಯನ್ನು ಸಡಿಲಿಸುತ್ತದೆ, ಹಿಟ್ಟಿಗೆ ಅಂಟು ಕೊಡುತ್ತದೆ, ಕಾಳಿನೊಳಗೆ ಬಿಗಿದುಕೊಂಡಿರುವ ನಿಯಾಸಿನ್ ಎಂಬ ಜೀವಸತ್ವವನ್ನು ಮೈಗೆ ಹತ್ತುವಂತೆ ಮಾಡುತ್ತದೆ. ಯುರೋಪಿಗೆ ಕಾಳು ಮಾತ್ರ ಹೋಯಿತು. ಮೂರು ಹೊತ್ತೂ ಬರೀ ಮೆಕ್ಕೆಜೋಳ ತಿಂದ ಅಲ್ಲಿಯ ಬಡವರಿಗೆ ಮೈಚರ್ಮ ಸುಲಿದು ಬುದ್ಧಿ ಕೆಡುವ ಪೆಲಾಗ್ರ ರೋಗ ಹತ್ತಿತು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಅದನ್ನು ಮೊದಲು ವಿವರಿಸಿದ. ನಮ್ಮಲ್ಲಿ ಅದು ಊಟದ ಕಾಳಾಗಲೇ ಇಲ್ಲ. ನಾನು ಶಾಲೆಯಲ್ಲಿದ್ದಾಗ ಅಮೆರಿಕದಿಂದ ಕೇರ್ ಸಂಸ್ಥೆಯ ಮೂಲಕ ಬಂದ ಹಿಟ್ಟಿನ ಹಳದಿ ಉಪ್ಪಿಟ್ಟು ತಿಂದವರು ನಾವು. ಈಗ ಕಳೆದ ಎರಡು ಮೂರು ದಶಕದಿಂದ ಹೊಳಲ್ಕೆರೆ, ಚಿತ್ರದುರ್ಗದ ಕೆಂಪು ಹೊಲಗಳಲ್ಲಿ ನವಣೆ, ಸಾಮೆ, ಜೋಳದ ಜಾಗಕ್ಕೆ ಮೆಕ್ಕೆಜೋಳ ಬಂದಿದೆ. ಕೊಯ್ದದ್ದೆಲ್ಲ ಲಾರಿಯಲ್ಲಿ ಕೋಳಿ ಮೇವಿಗೆ, ಗಂಜಿಪುಡಿಯ ಕಾರ್ಖಾನೆಗೆ ಹೋಗುತ್ತದೆ. ಸಾಮೆ ಇವತ್ತಿಗೂ ಗಟ್ಟಿಯಾಗಿ ನಿಂತಿರುವುದು ಹೊಸದುರ್ಗದ ಕಡೆಯೇ.

ಡಿಸೆಂಬರಿನಲ್ಲಿ ಒಬ್ಬ ಹಳೆಯ ವಿದ್ಯಾರ್ಥಿಯ ಹೊಲದಿಂದ ಔಷಧಿ ಹಾಕದ ಕಾಳು ತರಿಸಿಕೊಂಡೆ. ಒಂದು ಕೆ.ಜಿ. ಕಾಳಿಗೆ ವೀಳ್ಯದೆಲೆಗೆ ಹಚ್ಚುವ ಸುಣ್ಣ ಎರಡು ಚಮಚ. ಅರ್ಧ ಗಂಟೆ ಕುದಿಸುವಷ್ಟರಲ್ಲಿ ನೀರು ಕಡು ಹಳದಿಯಾಗಿ, ಸುಣ್ಣ ಬಳಿದ ಗೋಡೆಗೆ ಮಳೆ ಹನಿ ಬಿದ್ದಾಗಿನ ವಾಸನೆ ಬಂತು. ಬೆಳಿಗ್ಗೆ ಕೈಯಲ್ಲಿ ಉಜ್ಜಿದರೆ ಸಿಪ್ಪೆ ಲೋಳೆಯಾಗಿ ಜಾರುತ್ತಿತ್ತು. ನಾಲ್ಕು ನೀರಿನಲ್ಲಿ ತೊಳೆದು ಒರಳಿನಲ್ಲಿ ನೀರು ಸಾಲುವಷ್ಟೇ ಹಾಕಿ ರುಬ್ಬಿದೆ. ಬರೀ ಮೆಕ್ಕೆಜೋಳದ ಹಿಟ್ಟು ಎಷ್ಟು ಬಿಸಿನೀರು ಹಾಕಿದರೂ ತಟ್ಟುವಾಗ ಅಂಚು ಸೀಳುತ್ತದೆ. ಈ ಹಿಟ್ಟು ಅಂಗೈಯಲ್ಲೇ ನಿಂತಿತು. ಹೆಂಚಿನ ಮೇಲೆ ಉಬ್ಬಿತು. ಮೊಮ್ಮಗಳು ಹಿಂದಿನ ದಿನವೇ ರಜೆಗೆ ಬಂದಿದ್ದಳು. ಶೇಂಗಾ ಚಟ್ನಿ, ಟೊಮೇಟೊ ಗೊಜ್ಜು ಹಚ್ಚಿಕೊಂಡು ಬಿಸಿಬಿಸಿಯಾಗಿ ಒಲೆಯ ಮುಂದೆಯೇ ಕೂತು ತಿಂದಳು. ಕೊನೆಯದನ್ನು ಕತ್ತರಿಸಿ ಕರಿದುಕೊಟ್ಟಾಗ "ಅಜ್ಜಿ, ಅವತ್ತು ಅಲ್ಲಿ ಹೀಗೆ ಇರಬೇಕಿತ್ತಾ?" ಎಂದು ಕೇಳಿದಳು. ಹೌದು ಕಣೆ, ಹೀಗೇ ಇರಬೇಕಿತ್ತು ಎಂದೆ.

ಹಿರಿಯೂರು ಕಡೆಯ ಒಂದು ಹಳ್ಳಿಯ ಸ್ತ್ರೀಶಕ್ತಿ ಸಂಘದಲ್ಲಿ ನನ್ನ ಇಬ್ಬರು ವಿದ್ಯಾರ್ಥಿನಿಯರಿದ್ದಾರೆ. ರೊಟ್ಟಿ, ಚಟ್ನಿಪುಡಿ ಮಾಡಿ ಸಂತೆಯಲ್ಲಿ ಮಾರುತ್ತಾರೆ. ಹೆದ್ದಾರಿ ಪಕ್ಕದ ಮಳಿಗೆಯೊಂದನ್ನು ಕೇಳಲು ಅವರ ಜೊತೆ ನಾನೂ ಹೋಗಿದ್ದೆ. ಬಾಡಿಗೆ ಅವರ ವರ್ಷದ ವಹಿವಾಟಿಗಿಂತ ಹೆಚ್ಚು, ಮೇಲೆ ಮುಂಗಡ ಬೇರೆ. ಒಲೆ ಹಚ್ಚುವಂತಿಲ್ಲ, ಬಿಸಿ ಮಾಡುವ ಯಂತ್ರ ಮಾತ್ರ ಇಡಬಹುದು ಎಂಬ ಕರಾರು. ಪ್ಯಾಕೆಟ್ಟಿನ ತಿಂಡಿ ಅಲ್ಲಿ ಯಾಕೆ ಗೆಲ್ಲುತ್ತದೆ ಎಂಬುದು ಆ ಕಾಗದ ಓದಿದಾಗ ತಿಳಿಯಿತು. ಆ ಹೆಣ್ಣುಮಕ್ಕಳು ಸುಮ್ಮನೆ ಕೂರಲಿಲ್ಲ. ಊರೊಳಗಿನ ಹಳೆಯ ರಸ್ತೆಯಲ್ಲಿ, ಹಿಂದೆ ಹೋಟೆಲಿದ್ದ ಒಂದು ಅಂಗಡಿಯನ್ನು ಕಡಿಮೆ ಬಾಡಿಗೆಗೆ ಹಿಡಿದು ಹನ್ನೊಂದರಿಂದ ಮೂರರವರೆಗೆ ಊಟ ಹಾಕುತ್ತಿದ್ದಾರೆ. ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಮುದ್ದೆ ಸೊಪ್ಪುಸಾರು, ಮಜ್ಜಿಗೆ. ಗುರುವಾರ ಸುಣ್ಣದಲ್ಲಿ ಬೇಯಿಸಿದ ಮೆಕ್ಕೆಜೋಳದ ರೊಟ್ಟಿಯೂ ಇರುತ್ತದೆ. ಲಾರಿಯವರು ಆಗಲೇ ಜಾಗ ಕಂಡುಕೊಂಡಿದ್ದಾರೆ. ಕಾರಿನವರು ಬೈಪಾಸ್ ಬಿಟ್ಟು ಹಿರಿಯೂರಿನ ಒಳಗೆ ಇಳಿದು ರೊಟ್ಟಿ ಅಂಗಡಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಮೂರು ಗಂಟೆಯೊಳಗೆ ಹೋಗಬೇಕು.